ಕವಿತೆಗೆ ಹತ್ತು ನಿಮಿಷ ಎಲ್ಲಿಂದ ತರಲಿ?

ಪ್ರಶ್ನೆ, ರಾಯಚೂರಿನಿಂದ

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ವಯಸ್ಸು 38. ಮಗಳು ನಾಲ್ಕನೇ ಕ್ಲಾಸು. ಕಾಲೇಜಿನಲ್ಲಿದ್ದಾಗ ಪದ್ಯ ಅಂದ್ರೆ ಜೀವ ಬಿಡುತ್ತಿದ್ದೆ. ಆಮೇಲೆ ನೌಕರಿ, ಮದುವೆ, ಮನೆ ಸಾಲ. ಎಲ್ಲದರ ಅಡಿಗೆ ಅದು ಸೇರಿಹೋಯಿತು. 2016ರ ಡಿಸೆಂಬರಿನಲ್ಲಿ ನಮ್ಮೂರಲ್ಲೇ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಆ ಹುರುಪಿನಲ್ಲಿ ಮೂರು ಕವನ ಸಂಕಲನ ತಂದೆ. ಒಂದರ ಹನ್ನೆರಡನೇ ಪುಟದಲ್ಲಿ ಗುರುತಿಗೆ ಬಸ್ ಟಿಕೆಟ್ ಇಟ್ಟಿದ್ದೆ. ಮೊನ್ನೆ ಕಪಾಟು ಒರೆಸುವಾಗ ನೋಡಿದೆ. ಟಿಕೆಟ್ ಅಲ್ಲೇ ಇದೆ. ಅದರ ಮೇಲಿನ ಅಕ್ಷರ ಮಾತ್ರ ಅಳಿಸಿಹೋಗಿದೆ.

ಮತ್ತೆ ಓದಬೇಕು, ಕೈ ಬಂದರೆ ನಾಲ್ಕು ಸಾಲು ಬರೆಯಬೇಕು, ಮಗಳಿಗೂ ರುಚಿ ಹತ್ತಿಸಬೇಕು ಅನ್ನಿಸುತ್ತಿದೆ. ಮನೆ ಸೇರುವಷ್ಟರಲ್ಲಿ ಏಳು ಗಂಟೆ. ಪುಸ್ತಕ ತೆರೆದರೆ ನಿದ್ದೆ. ನೀವೆಲ್ಲ ಹೇಗೆ ಮಾಡುತ್ತೀರಿ? ಉಪದೇಶ ಬೇಡ, ನಿಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿ.

ಮಾನ್ವಿಯ ನಿವೃತ್ತ ಮೇಷ್ಟ್ರು

ನಿದ್ದೆ ಬರಲೇಬೇಕಲ್ಲಮ್ಮ, ನೀವು ಬರೀ ಕಣ್ಣಲ್ಲಿ ಓದುತ್ತಿದ್ದೀರಿ. ಬಾಯಿ ಬಿಟ್ಟು ಓದಿ.

ನಮ್ಮವ್ವ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಆದರೆ ಹರಿಕಥಾಮೃತಸಾರದ ಎಷ್ಟೋ ಪದ್ಯ ಅವಳಿಗೆ ಬಾಯಿಪಾಠ. ಅದನ್ನು ಬರೆದ ಜಗನ್ನಾಥದಾಸರು ಇಲ್ಲೇ ಬ್ಯಾಗವಾಟದವರು, ಮಾನ್ವಿಯಲ್ಲಿ ಬಾಳಿದವರು. ವಿಜಯದಾಸರ ಚೀಕಲಪರವಿಯೂ ನಮಗೆ ದೂರ ಇಲ್ಲ. ಅವ್ವ ಅಕ್ಕಿ ಆರಿಸುತ್ತ ಹೇಳುತ್ತಿದ್ದಳು. ಮೊರದಲ್ಲಿ ಕಲ್ಲು ಕಂಡರೆ ನಿಲ್ಲಿಸುತ್ತಿದ್ದಳು. ಕಲ್ಲು ಎಸೆದು ಬಿಟ್ಟ ಅಕ್ಷರದಿಂದಲೇ ಮುಂದಕ್ಕೆ ಹೋಗುತ್ತಿದ್ದಳು. ಇವತ್ತಿಗೂ ಆ ಪದ್ಯ ಕೇಳಿದರೆ ನನಗೆ ಮೊರ ಕೇರುವ ಸದ್ದೂ ಜೊತೆಗೇ ಕೇಳುತ್ತದೆ. ಅರ್ಥ ತಿಳಿದದ್ದು ನಲವತ್ತು ದಾಟಿದ ಮೇಲೆ. ತಡ ಆಯಿತು ಅಂತ ಏನೂ ಅನ್ನಿಸಲಿಲ್ಲ.

ಆ ಪದ್ಯ ಭಾಮಿನಿ ಷಟ್ಪದಿ, ಆರು ಸಾಲಿನ ಕಟ್ಟು. ಪ್ರಸ್ತಾರ, ಅಂದರೆ ಅಕ್ಷರದ ಮೇಲೆ ಮಾತ್ರೆಯ ಗುರುತು, ಹಾಕಿಸಿ ಹಾಕಿಸಿ ಮಕ್ಕಳಿಗೆ ಅದರ ಮೇಲೆ ಬೇಸರ ಹುಟ್ಟಿಸಿದ ಪಾಪ ನನಗೂ ಸ್ವಲ್ಪ ಅಂಟಿದೆ. ನೌಕರಿಯ ಕೊನೆಯ ಹತ್ತು ವರ್ಷ ಬೇರೆ ದಾರಿ ಹಿಡಿದೆ. ಮೇಜು ಬಡಿಯುವುದು. ಮೂರು, ನಾಲ್ಕು, ಮೂರು, ನಾಲ್ಕು. ತಾನ ತನನನ ತಾನ ತನನನ. ಹ್ರಸ್ವಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಸೊನ್ನೆ ಇದ್ದ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನದಕ್ಕೆ ಎರಡು, ಅದೇ ಗುರು. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ. ಮೂರನೆಯದು, ಆರನೆಯದು ಉದ್ದ. ಅದೇ ಮೂರು ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಇಷ್ಟೇ. ಹೋದ ಮುಂಗಾರಿನಲ್ಲಿ ಮೊಮ್ಮಗಳೂ ನಾನೂ ಎರಡು ಸಾಲು ಕಟ್ಟಿದೆವು:

ಇಂದು ಬಂದಿತು ಮಳೆಯು ಹೊಲದಲಿ
ಕಂದ ನಕ್ಕನು ನೆನೆದು ನಿಂತನು

ಮೂರನೇ ಸಾಲು ಇನ್ನೂ ಬಂದಿಲ್ಲ. ಪ್ರಾಸಕ್ಕೆ ಅವಳಿಗೆ 'ಹಂದಿ' ಬೇಕಂತೆ. ನನಗೆ ಬೇಡ. ಜಗಳ ನಡೆದಿದೆ.

ಬಳ್ಳಾರಿಯಿಂದ, ಜೀನ್ಸ್ ಘಟಕದ ಕಟಿಂಗ್ ಮಾಸ್ಟರ್

ನನ್ನ ಜೇಬಿನಲ್ಲಿ ಪ್ಯಾಟರ್ನ್ ಕಾಗದದ ತುಂಡು ಇದ್ದೇ ಇರುತ್ತದೆ. ದಿನಕ್ಕೆ ಒಂದೇ ಸಾಲು ಬರೆಯುತ್ತೇನೆ, ಊಟದ ಹೊತ್ತಿನಲ್ಲಿ, ಆವತ್ತು ಕಂಡದ್ದು. 'ನೀಲಿ ನೀರು ಚರಂಡಿಗೆ ಬಂದಾಗ ನಾಯಿ ಮೂಸಿ ನೋಡಿ ಹಿಂದೆ ಸರಿಯಿತು.' ಇದು ಕವಿತೆ ಅಲ್ಲ, ಗೊತ್ತು. ಡಬ್ಬಿಗೆ ಹಾಕುತ್ತೇನೆ. ತಿಂಗಳಿಗೊಮ್ಮೆ ಎಲ್ಲ ಹರಡಿದರೆ ಮೂವತ್ತರಲ್ಲಿ ಎರಡೋ ಮೂರೋ ಒಂದಕ್ಕೊಂದು ಹೊಲಿಗೆ ಬೀಳುತ್ತವೆ. ಉಳಿದದ್ದು ಬಚ್ಚಲ ಒಲೆಗೆ.

ಕೊಪ್ಪಳದಿಂದ

ನೀವು ಮಗಳ ಮಾತು ಎತ್ತಿದ್ದೀರಿ. ಒಡಪು ಹೇಳಿಸಿ ನೋಡಿ.

ನಮ್ಮ ಕಡೆ ಮದುವೆಯಲ್ಲಿ ಗಂಡನ ಹೆಸರು ಸುಮ್ನೆ ಹೇಳುವಂತಿಲ್ಲ, ಪ್ರಾಸ ಕಟ್ಟಿ ಹೇಳಬೇಕು ಅಲ್ವಾ? ಬಾಗಿಲಲ್ಲಿ ನಾದಿನಿಯರು ಅಡ್ಡ ನಿಂತು ಬಿಡುವುದೇ ಇಲ್ಲ. ನನ್ನ ಮದುವೆಯಲ್ಲಿ ನಾನು ಹೇಳಿದ್ದು, ಅಲ್ಲೇ ನಿಂತು ಕಟ್ಟಿದ್ದು:

ಗವಿಮಠದ ಜಾತ್ರೆಯಲ್ಲಿ ಕೊಂಡೆ ಹಸಿರು ಬಳೆ
ಇವರ ಹೆಸರು ಹೇಳಿದರೆ ಬರಲೇಬೇಕು ಮಳೆ

ಹೆಸರು ಹೇಳಿದೆ. ಮಳೆ ಬರಲಿಲ್ಲ. ಮೇ ತಿಂಗಳು, ಕೊಪ್ಪಳ, ಎಲ್ಲಿಂದ ಬರಬೇಕು? ಆದರೆ ಮಾವನವರು ಇವತ್ತಿಗೂ ಆಕಾಶ ಕಪ್ಪಾದರೆ 'ಏ, ಇವನ ಹೆಸರು ಹೇಳವ್ವ' ಅನ್ನುತ್ತಾರೆ.

ಈಗ ನನ್ನ ಮಕ್ಕಳು ಊಟಕ್ಕೆ ಕೂತಾಗ ಇದನ್ನೇ ಆಟ ಮಾಡಿಕೊಂಡಿದ್ದಾರೆ. ಗಂಡನ ಹೆಸರಿನ ಬದಲು ಬದನೆಕಾಯಿ, ಮಿರ್ಚಿ, ಗಣಿತದ ಟೀಚರ್, ಏನಾದರೂ ನಡೆಯುತ್ತದೆ. ಎರಡು ಸಾಲು, ಕೊನೆಗೆ ಪ್ರಾಸ. ದೊಡ್ಡವನು ಜಾಣ, ಪ್ರಾಸ ಮೊದಲು ಹುಡುಕಿಕೊಂಡು ಆಮೇಲೆ ಸಾಲು ಮಾಡುತ್ತಾನೆ. ಚಿಕ್ಕವಳಿಗೆ ಪ್ರಾಸ ಸಿಗುವುದಿಲ್ಲ, ಆದರೆ ಅವಳ ಸಾಲುಗಳೇ ಚೆನ್ನ. ನಾನು ಇಬ್ಬರಿಗೂ ಮಾರ್ಕ್ಸ್ ಕೊಡುವುದಿಲ್ಲ.

ಸುಮಾರು 850ರ ಹೊತ್ತಿಗೆ ಬಂದ ಕವಿರಾಜಮಾರ್ಗದಲ್ಲಿ ತಿರುಳ್ಗನ್ನಡದ, ಅಂದರೆ ಅಚ್ಚ ಕನ್ನಡದ, ನಾಡು ಎಲ್ಲಿದೆ ಅಂತ ಹೇಳುವಾಗ ಕೊಪಣದ, ಅಂದರೆ ನಮ್ಮ ಕೊಪ್ಪಳದ, ಹೆಸರೂ ಬರುತ್ತದೆ. ಓದದೇ ಇದ್ದರೂ ಕಾವ್ಯ ಬಲ್ಲ ಜನ ಅನ್ನುವ ಮಾತೂ ಅಲ್ಲೇ ಇದೆ. ಭಾಷಣಕಾರರು ಅದನ್ನು ಹೇಳಿ ಹೇಳಿ ಸವೆಸಿಬಿಟ್ಟಿದ್ದಾರೆ, ನಿಜ. ಆದರೆ ಬಾಗಿಲಲ್ಲಿ ಅಡ್ಡ ನಿಂತ ನನ್ನ ನಾದಿನಿಯರನ್ನು ನೋಡಿದ್ದರೆ ನೀವೂ ಒಪ್ಪುತ್ತಿದ್ದಿರಿ.

ಸಿಂಧನೂರಿನಿಂದ, ಗಜಲ್ ಹುಚ್ಚಿನವನು

ರಾಯಚೂರಿನಲ್ಲಿದ್ದು ಗಜಲ್ ಮುಟ್ಟದಿದ್ದರೆ ಹೇಗೆ? ಕನ್ನಡಕ್ಕೆ ಗಜಲ್ ತಂದವರಲ್ಲಿ ಮೊದಲ ಸಾಲಿನವರು ನಿಮ್ಮ ಜಿಲ್ಲೆಯ ಶಾಂತರಸರು. 2006ರ ಬೀದರ್ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು. ಇದು ಇಲ್ಲೇ ಬೇರು ಬಿಟ್ಟದ್ದಕ್ಕೆ ಕಾರಣ ಇದೆ. 1948ರವರೆಗೆ ನಮ್ಮದು ನಿಜಾಮನ ಸೀಮೆ. ಶಾಲೆ, ಕಚೇರಿ ಎಲ್ಲ ಉರ್ದು. ನಮ್ಮಜ್ಜ ಮನೆಯಲ್ಲಿ ಕನ್ನಡ ಮಾತಾಡಿ ಲೆಕ್ಕ ಉರ್ದುವಿನಲ್ಲಿ ಬರೆಯುತ್ತಿದ್ದ. ಸಿಟ್ಟು ಬಂದಾಗ ಶೇರ್ ಹೇಳುತ್ತಿದ್ದ, ಅಜ್ಜಿ ತಿರುಗಿ ಗಾದೆ ಹೇಳುತ್ತಿದ್ದಳು.

ಕೆಲಸಕ್ಕೆ ಹೋಗುವವರಿಗೆ ಗಜಲ್ ಯಾಕೆ ಒಳ್ಳೆಯದು ಅಂದರೆ, ಅದರ ಒಂದೊಂದು ಶೇರ್ ಎರಡೇ ಸಾಲು, ತನ್ನಷ್ಟಕ್ಕೆ ತಾನೇ ಪೂರ್ತಿ. ಇವತ್ತು ಒಂದು, ಮುಂದಿನ ಭಾನುವಾರ ಇನ್ನೊಂದು. ಐದಾರು ಸೇರಿದರೆ ಗಜಲ್. ಮೊದಲ ಶೇರ್‌ಗೆ ಮತ್ಲಾ ಅನ್ನುತ್ತಾರೆ. ಅದರ ಎರಡೂ ಸಾಲಿನ ಕೊನೆಗೆ ಒಂದೇ ಪದ ಮರಳಿ ಬರಬೇಕು. ಅದು ರದೀಫ್. ಅದರ ಹಿಂದಿನ ಪದ ಪ್ರಾಸ ಆಗಬೇಕು. ಅದು ಕಾಫಿಯಾ. ಆಮೇಲಿನ ಶೇರ್‌ಗಳಲ್ಲಿ ಎರಡನೇ ಸಾಲಿಗೆ ಮಾತ್ರ ಈ ಕಟ್ಟು. ಕೊನೆಯದು ಮಕ್ತಾ, ಅಲ್ಲಿ ಕವಿಯ ಕಾವ್ಯನಾಮ ಹಾಕುವ ರೂಢಿ. ನನ್ನದೇ ಒಂದು ಮತ್ಲಾ, ನಗಬೇಡಿ:

ಬೆಟ್ಟದ ಬಂಡೆಯೂ ಬೆವರುವ ಬಿಸಿಲ ಕಥೆ ಯಾರಿಗೆ ಹೇಳಲಿ
ಹನಿಯನ್ನೂ ಕೊಡದೆ ಹೋದ ಮುಗಿಲ ಕಥೆ ಯಾರಿಗೆ ಹೇಳಲಿ

ಇಲ್ಲಿ 'ಕಥೆ ಯಾರಿಗೆ ಹೇಳಲಿ' ರದೀಫ್. 'ಬಿಸಿಲ', 'ಮುಗಿಲ' ಕಾಫಿಯಾ. ಮುಂದಿನ ಶೇರ್‌ಗಳಿಗೆ ಮಡಿಲ, ಒಡಲ, ಕಡಲ ಅಂತ ಪಟ್ಟಿ ಮಾಡಿದ್ದೆ. ನನಗೆ ಗಜಲ್ ಕಲಿಸಿದ ಹಿರಿಯರು ನೋಡಿ, 'ಸಿಂಧನೂರಿನವನಿಗೆ ಕಡಲು ಯಾಕಪ್ಪಾ, ಕಾಲುವೆಯಲ್ಲಿ ನೀರು ಬಿಟ್ಟಿದ್ದಾರಾ ನೋಡು' ಅಂದರು. ಕಡಲನ್ನು ಹೊಡೆದು ಹಾಕಿದೆ. ಒಡಲಿನ ತಕರಾರು ಬೇರೆ. 'ಸಿಲ', 'ಗಿಲ' ಆದ ಮೇಲೆ 'ಡಲ' ಕಿವಿಗೆ ಕೂರುವುದಿಲ್ಲ. ಅದೂ ಹೋಯಿತು. ಉಳಿದದ್ದು ಮಡಿಲು ಒಂದೇ. ಗಜಲ್ ಹೀಗೆ ಕೈ ಹಿಡಿದು ಎಳೆದಾಡುತ್ತದೆ, ಆದರೆ ಆ ಎಳೆದಾಟದಲ್ಲೇ ನೀವು ಅಂದುಕೊಂಡಿರದ ಮಾತು ಬರುತ್ತದೆ.

ಗಂಗಾವತಿಯಿಂದ, ಅಕ್ಕಿ ಮಿಲ್ಲಿನ ಲೆಕ್ಕದವನು

ಮೇಷ್ಟ್ರ ಮಾತಿಗೆ ನನ್ನ ತಕರಾರಿದೆ. ನನಗೆ ತಾಳ ಬರುವುದಿಲ್ಲ. ಶಾಲೆಯಲ್ಲಿ ಷಟ್ಪದಿ ತಪ್ಪು ಹೇಳಿ ಇಡೀ ಕ್ಲಾಸಿನೆದುರು ನಗೆಪಾಟಲಾದೆ. ಇಪ್ಪತ್ತು ವರ್ಷ ಪದ್ಯದ ತಂಟೆಗೆ ಹೋಗಲಿಲ್ಲ. 2011ರಲ್ಲಿ ನಮ್ಮೂರಿಗೇ ಸಮ್ಮೇಳನ ಬಂದಾಗಲೂ ಊಟದ ಕೌಂಟರಿನ ಕಡೆಗೆ ಮಾತ್ರ ಹೋಗಿ ಬಂದೆ.

ಮತ್ತೆ ಹತ್ತಿರ ಆದದ್ದು ಕಣ್ಣಿನಿಂದಲೇ. ಇವತ್ತಿನ ಎಷ್ಟೋ ಕವಿತೆ ಹಾಡುವುದಕ್ಕಲ್ಲ. ಸಾಲು ಎಲ್ಲಿ ಮುರಿದಿದೆ, ಎಲ್ಲಿ ಖಾಲಿ ಬಿಟ್ಟಿದೆ, ಅದು ಕಾಗದದ ಮೇಲೆ ಕಾಣಬೇಕು. ನಾನು ಮಾಡುವುದು ಇಷ್ಟು. ವಾರಕ್ಕೆ ಒಂದೇ ಕವಿತೆ. ಸೋಮವಾರ ಹಳೆ ಲೆಡ್ಜರಿನ ಹಿಂಬದಿಗೆ ಕೈಯಲ್ಲಿ ನಕಲು ಮಾಡುತ್ತೇನೆ. ನಕಲು ಮಾಡುವಾಗ ಕೈ ತಪ್ಪಿ ನನ್ನದೊಂದು ಪದ ಹಾಕಿಬಿಡುತ್ತೇನೆ ನೋಡಿ, ಅಲ್ಲೇ ಮಜಾ. ಕವಿ ಯಾಕೆ ನನ್ನ ಪದ ಹಾಕಲಿಲ್ಲ ಅಂತ ಯೋಚನೆ ಶುರುವಾಗುತ್ತದೆ. ಶನಿವಾರದವರೆಗೆ ದಿನಾ ಒಂದು ಸಲ ಓದು, ಎರಡು ನಿಮಿಷ. ತಿಳಿಯದಿದ್ದರೆ ಬಿಟ್ಟುಬಿಡುತ್ತೇನೆ. ಬಾಕಿ ಮುಂದಕ್ಕೆ ಎಳೆದುಕೊಳ್ಳುವುದು ಲೆಕ್ಕದವರಿಗೆ ಹೊಸದಲ್ಲ.

ಸಂಡೂರು ಕಡೆಯಿಂದ

ಕಣ್ಣೋ ಬಾಯಿಯೋ ಅನ್ನುವುದು ನಿಮ್ಮಿಬ್ಬರ ಜಗಳ. ನನ್ನ ಪ್ರಕಾರ ಎದುರಿಗೆ ಕೇಳುವವರು ಬೇಕು.

ದರೋಜಿ ಈರಮ್ಮನವರ ಬುರ್ರಕಥೆಯನ್ನು ಚಿಕ್ಕವನಿದ್ದಾಗ ಕೇಳಿದ್ದೇನೆ. ಅಕ್ಷರ ಕಲಿತವರಲ್ಲ. ಕುಮಾರರಾಮನ ಕಥೆಯನ್ನು ಒಂದು ಚೀಟಿ ಇಲ್ಲದೆ ತಾಸುಗಟ್ಟಲೆ ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟು ಗೌರವಿಸಿತು. 2014ರಲ್ಲಿ ತೀರಿಕೊಂಡರು. ನನಗೆ ಕಥೆಗಿಂತ ಜಾಸ್ತಿ ನೆನಪಿರುವುದು ಪಕ್ಕದವರು ಹಾಕುತ್ತಿದ್ದ ದನಿ. ಮುಂದಿನವರು ಒಂದು ಸಾಲು ಹಾಡಿ ನಿಲ್ಲಿಸಿದರೆ ಹಿಂದಿನವರು ಎತ್ತಿಕೊಳ್ಳುತ್ತಿದ್ದರು. ಆ ಎರಡು ಗಳಿಗೆಯಲ್ಲಿ ಮುಂದಿನ ಸಾಲು ನೆನಪಿಗೆ ಬರುತ್ತಿತ್ತೇನೋ.

ಮನೆಯಲ್ಲಿ ಹೂಂಗುಟ್ಟುವ ಒಬ್ಬರನ್ನು ಹಿಡಿದುಕೊಳ್ಳಿ. ಬುದ್ಧಿ ಹೇಳುವವರು ಬೇಡ, 'ಹೂಂ' ಅಂದರೆ ಸಾಕು. ನನಗೆ ಹೆಂಡತಿ ಇದ್ದಾಳೆ. ಅವಳ ಹೂಂ ಯಾವಾಗ ಸುಳ್ಳು ಅಂತ ಈಗ ಗೊತ್ತಾಗುತ್ತದೆ. ಆ ಸಾಲು ತೆಗೆಯುತ್ತೇನೆ.

ಬಳ್ಳಾರಿಯಿಂದ, ನರ್ಸ್

ಒಂದು ಎಚ್ಚರಿಕೆ. ನಾಲ್ಕು ಕವಿತೆ ಆದ ಕೂಡಲೇ ಕವಿಗೋಷ್ಠಿಗೆ ಕರೆ ಬರುತ್ತದೆ. ನನಗೂ ಬಂತು. ಯಾವ ಸಂಸ್ಥೆ ಅಂತ ಹೇಳುವುದಿಲ್ಲ. ಪ್ರವೇಶ ಶುಲ್ಕ 500. ನೈಟ್ ಡ್ಯೂಟಿ ಮುಗಿಸಿ ನಿದ್ದೆ ಬಿಟ್ಟು ಹೋದೆ. ನಲವತ್ತು ಜನ ಕವಿಗಳು, ಕೇಳುವವರೂ ಅವರೇ. ತಮ್ಮದು ಓದಿದವರು ಎದ್ದು ಹೋಗುತ್ತಿದ್ದರು. ನನ್ನ ಸರದಿ ಮೂವತ್ತೇಳನೆಯದು. ಕೇಳಿದ್ದು ಮೂವರು, ಅದರಲ್ಲಿ ಒಬ್ಬರು ಮೈಕ್‌ನವರು. ಪ್ರಶಸ್ತಿ ಪತ್ರದಲ್ಲಿ ನನ್ನ ಹೆಸರು ತಪ್ಪು.

ಮೈಕ್‌ನವರು ಮಾತ್ರ ಚೆನ್ನಾಗಿತ್ತು ಅಂದರು. ಆ 500 ರೂಪಾಯಿಗೆ ಪುಸ್ತಕ ಕೊಳ್ಳಿ.

ಮುದಗಲ್‌ನಿಂದ

ನಮ್ಮೂರ ಮೊಹರಂ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಕುಣಿತ ನೋಡಿ ಹೋಗುತ್ತಾರೆ, ಪದ ಕೇಳುವವರು ಕಡಿಮೆ. ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ರಿವಾಯತ್ ಕಟ್ಟಿ ಹಾಡುತ್ತಾರೆ. ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ನಮ್ಮ ಸೋದರಮಾವ ವರ್ಷಪೂರ್ತಿ ಒಂದು ಅಕ್ಷರ ಬರೆಯುತ್ತಿರಲಿಲ್ಲ. ಆ ಹತ್ತು ದಿನ ಮಾತ್ರ ಬೀಡಿ ಕಟ್ಟಿನ ಕಾಗದದ ಮೇಲೂ ಪದ ಬರೆಯುತ್ತಿದ್ದ. ದಿನಾ ಬರೆಯಲೇಬೇಕು ಅಂತ ಏನಿದೆ? ಹಂಗಾಮು ಬಂದಾಗ ಬಿತ್ತಿದರಾಯಿತು.

ಇನ್ನೊಂದು. ಆಯ್ದಕ್ಕಿ ಲಕ್ಕಮ್ಮನ ಅಮರೇಶ್ವರ ನಮ್ಮ ಲಿಂಗಸುಗೂರು ತಾಲ್ಲೂಕೇ. 12ನೇ ಶತಮಾನದ ಹೆಣ್ಣುಮಗಳು. ಚೆಲ್ಲಿದ ಅಕ್ಕಿ ಆಯ್ದು ತರುವುದು ಗಂಡನ ಕಾಯಕ. ಒಂದು ದಿನ ಆತ ಬೇಕಾದ್ದಕ್ಕಿಂತ ಜಾಸ್ತಿ ತಂದಾಗ, ಇಷ್ಟು ಆಸೆ ಯಾಕೆ ಅಂತ ಗದರಿದ್ದೇ ಅವಳ ವಚನ. ಮನೆಯೊಳಗಿನ ಮಾತು ಅದು. ನಿಮ್ಮ ಮನೆಯಲ್ಲೂ ದಿನಾ ಅಂಥ ಮಾತು ನಡೆದಿರಬೇಕಲ್ಲ.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ಥ್ಯಾಂಕ್ಸ್. ನಡೆದದ್ದು ಇಷ್ಟು. ಬಸ್ ಟಿಕೆಟ್ ಇಪ್ಪತ್ತಾರನೇ ಪುಟಕ್ಕೆ ಬಂದಿದೆ. ಕುಕ್ಕರ್ ಮೂರು ಸೀಟಿ ಹೊಡೆಯುವವರೆಗೆ ಅಡುಗೆಮನೆಯಲ್ಲೇ ನಿಂತು ಜೋರಾಗಿ ಓದುತ್ತೇನೆ. ಮಗಳು ಹೂಂ ಅನ್ನುತ್ತಾಳೆ, ಅದಕ್ಕೆ ಅವಳಿಗೆ ಶೇಂಗಾ ಚಿಕ್ಕಿ ಕೊಡಬೇಕು. ಎರಡು ದಿನ ಅನ್ನ ಸೀದಿತು. ಗಜಲ್ ಕೈಗೆ ಹತ್ತಲಿಲ್ಲ. ರದೀಫ್ ಸಿಗುತ್ತದೆ, ಕಾಫಿಯಾ ಓಡಿಹೋಗುತ್ತದೆ. ಕಟಿಂಗ್ ಮಾಸ್ಟರ್ ಹೇಳಿದಂತೆ ಹಳೆ ಚಲನ್ ಚೀಟಿಯ ಹಿಂದೆ ದಿನಕ್ಕೊಂದು ಸಾಲು ನಡೆದಿದೆ. ಒಂದು ಹೀಗಿದೆ: 'ಪಿಂಚಣಿ ಅಜ್ಜಿ ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೆ ಒರೆಸಿಕೊಂಡಳು.'

ಮೇಷ್ಟ್ರೇ, ಮಗಳು ನಾಲ್ಕು ದಿನ ಊಟದ ತಟ್ಟೆ ಬಡಿದು ನಿಮ್ಮ ಪದ್ಯಕ್ಕೆ ಮೂರನೇ ಸಾಲು ಮಾಡಿದ್ದಾಳೆ. ಸಿಟ್ಟಾಗಬೇಡಿ:

ಹಂದಿ ಓಡಿತು ಕೆಸರು ಚಿಮ್ಮಿತು ಅಜ್ಜ ಬೈದರು ಹೋ

ಮಾನ್ವಿಯ ನಿವೃತ್ತ ಮೇಷ್ಟ್ರು

ಎರಡು ಸಲ ಎಣಿಸಿದೆ. 23 ಸರಿಯಾಗಿದೆ. ಪ್ರಾಸವೂ ಸರಿ. ಕೊನೆಗೆ 'ಹೋ' ಗುರು. ಮೊಮ್ಮಗಳಿಗೆ ಇನ್ನೂ ತೋರಿಸಿಲ್ಲ.