ವಾಂಡಾ ಆರ್ಕಿಡ್ ಎಲೆ ತುದಿ ಇಲಿ ಕಚ್ಚಿದ ಹಾಗಿದೆ, ಹಳೇ ಎಲೆಗೂ ಹೊಸ ಎಲೆಗೂ ಹೋಲಿಕೆಯೇ ಇಲ್ಲ

ಕೋಲಾರ_ಟೆರೇಸ್:
ಸಾಕಾಗಿ ಹೋಗಿದೆ. ಗಿಡ ತಂದಾಗ ಎಲೆ ತೆಳ್ಳಗೆ, ಮೆತ್ತಗೆ, ಚಪ್ಪಟೆಯಾಗಿತ್ತು, ತುದಿ ಚೂಪು. ಈಗ ಬರುತ್ತಿರುವ ಎಲೆ ದಪ್ಪ, ಗಟ್ಟಿ, ನಡುವೆ ದೋಣಿಯ ಹಾಗೆ ಮಡಚಿಕೊಂಡಿದೆ. ತುದಿಯಂತೂ ಯಾವುದೋ ಇಲಿ ಕಚ್ಚಿ ಬಿಟ್ಟ ಹಾಗೆ. ಫಂಗಿಸೈಡ್ ಎರಡು ಸಲ ಹೊಡೆದೆ, ಏನೂ ಬದಲಾಗಲಿಲ್ಲ. ಬೇರೆ ಜಾತಿ ಕೊಟ್ಟು ಮೋಸ ಮಾಡಿದರಾ? ಮಾರಿದವರು ಫೋನೇ ಎತ್ತುತ್ತಿಲ್ಲ.

ಶಿರಾ_ಬುಟ್ಟಿ:
ಬೋರ್ ನೀರು ಅಲ್ವಾ? ಅದೇ ಕಾರಣ. ನಮ್ಮ ಕಡೆ ನೀರಲ್ಲಿ ಉಪ್ಪು ಜಾಸ್ತಿ, ಮೊದಲು ಹೊಡೆತ ಬೀಳುವುದೇ ಎಲೆ ತುದಿಗೆ. ಟಿಡಿಎಸ್ (ನೀರಲ್ಲಿ ಕರಗಿರುವ ಉಪ್ಪಿನ ಅಳತೆ) ಎಷ್ಟಿದೆ ಅಂತ ನೋಡಿ ಹೇಳಿ.

ಕೋಲಾರ_ಟೆರೇಸ್:
ಬೋರ್ ನೀರೇ. ಮೀಟರ್ ಇಲ್ಲ. ಆದರೆ ಪಕ್ಕದಲ್ಲೇ ಇರುವ ಇನ್ನೊಂದು ಆರ್ಕಿಡ್, ಡೆಂಡ್ರೋಬಿಯಂ, ಅದೇ ನೀರು ಕುಡಿದು ಚೆನ್ನಾಗಿದೆ.

ಶಿರಾ_ಬುಟ್ಟಿ:
ಡೆಂಡ್ರೋಬಿಯಂ ತಡೆದುಕೊಳ್ಳುತ್ತದೆ ಸರ್. ಒಂದು ತಿಂಗಳು ಆರ್‌ಓ ಅಥವಾ ಮಳೆ ನೀರು ಹಾಕಿ. ನೀರೇ ಕಾರಣ, ನನಗೆ ಅನುಮಾನವಿಲ್ಲ.

ಚಿಂತಾಮಣಿ_ನೆರಳು:
ಬಸವನಹುಳು ಇರಬಹುದು, ರಾತ್ರಿ ಟಾರ್ಚ್ ಹಾಕಿ ನೋಡಿ. ಶೇಡ್ ನೆಟ್ ಎಷ್ಟು ಪರ್ಸೆಂಟ್ ಬಿಸಿಲು ತಡೆಯುವಂಥದ್ದು? ನಾನು 75 ಹಾಕಿದ್ದೇನೆ. 40 ಬುಟ್ಟಿ ಇವೆ, ಟೈಮರ್ ಇಟ್ಟು ಫಾಗರ್ ಓಡಿಸುತ್ತೇನೆ. ಈ ವರ್ಷ ನೀಲಿ ವಾಂಡಾ ಎರಡು ಸಲ ಹೂ ಬಿಟ್ಟಿತು.

ಶಿರಾ_ಬುಟ್ಟಿ:
75 ವಾಂಡಾಗೆ ಜಾಸ್ತಿ ಆಯ್ತು. 50 ಸಾಕು, ಅದಕ್ಕೆ ಬೆಳಕು ಬೇಕು.

ಚಿಂತಾಮಣಿ_ನೆರಳು:
ಏಪ್ರಿಲ್ ಬಿಸಿಲಲ್ಲಿ 50 ಇಟ್ಟು ನೋಡಿ, ಎಲೆ ಸುಟ್ಟು ಹೋಗುತ್ತದೆ. ಹೂ ಬಿಟ್ಟ ಮೇಲೆ ಇನ್ನೇನು ಸಾಕ್ಷಿ ಬೇಕು?

ತುಮಕೂರು_ಹಿತ್ತಲು:
ನೆಟ್ ವಿಷಯ ಆಮೇಲೆ ನೋಡೋಣ. ಕೋಲಾರದ ಸರ್, ಗಿಡ ತಂದಾಗ ಎಷ್ಟು ದೊಡ್ಡದಿತ್ತು? ಲ್ಯಾಬಿನ ಬಾಟಲಿಯಲ್ಲಿ ಬೆಳೆಸಿದ ಸಸಿಯಾ?

ಕೋಲಾರ_ಟೆರೇಸ್:
ಹೌದು, ಬಾಟಲಿಯಿಂದ ತೆಗೆದ ಸಸಿ, ಬೆರಳುದ್ದ ಇತ್ತು. ತಂದು ಒಂದೂವರೆ ವರ್ಷ ಆಯ್ತು. ಮೊದಲು ಒಳಗೆ ಕಿಟಕಿ ಹತ್ರ ಇತ್ತು, ಸಂಕ್ರಾಂತಿ ಆದ ಮೇಲೆ ಟೆರೇಸ್‌ಗೆ ತಂದೆ. ಇದೆಲ್ಲ ಮುಖ್ಯವಾ?

ತುಮಕೂರು_ಹಿತ್ತಲು:
ಇದೇ ಮುಖ್ಯ ಸರ್. ನಿಮ್ಮ ಗಿಡಕ್ಕೆ ರೋಗ ಇಲ್ಲ, ಅದು ದೊಡ್ಡದಾಗುತ್ತಿದೆ. ಬಾಟಲಿಯೊಳಗೆ ತೇವ ಜಾಸ್ತಿ, ಬೆಳಕು ಕಮ್ಮಿ. ಅಲ್ಲಿ ಹುಟ್ಟಿದ ಎಲೆಯ ಮೇಲೆ ಮೇಣದ ಪದರ ತೆಳು, ನೀರು ಬೇಗ ಆರುತ್ತದೆ. ಹೊರಗೆ ಬಂದ ಮೇಲೆ ಹುಟ್ಟುವ ಎಲೆ ಬಿಸಿಲು ಗಾಳಿಗೆ ತಕ್ಕ ಹಾಗೆ ದಪ್ಪ ಆಗುತ್ತದೆ. ಹಳೇ ಎಲೆ ಮಾತ್ರ ಹಾಗೇ ಉಳಿಯುತ್ತದೆ, ಪೂರ್ತಿ ಬೆಳೆದ ಎಲೆ ಮತ್ತೆ ಆಕಾರ ಬದಲಿಸುವುದಿಲ್ಲ. ಅದಕ್ಕೇ ಒಂದೇ ಗಿಡದಲ್ಲಿ ಎರಡು ಜಾತಿ ಕಂಡ ಹಾಗೆ ಕಾಣುತ್ತದೆ.

ಇನ್ನು ತುದಿ. ಪಟ್ಟಿ ಎಲೆಯ ವಾಂಡಾಗಳ ತುದಿ ಇರುವುದೇ ಹಾಗೆ, ಹಲ್ಲು ಹಲ್ಲಾಗಿ. ನಮ್ಮ ಕಾಡಿನ ವಾಂಡಾ ಟೆಸಲೇಟಾದಲ್ಲೂ ಇದೇ. ಸಸ್ಯಶಾಸ್ತ್ರದವರು ಇದಕ್ಕೆ ಇಟ್ಟ ಲ್ಯಾಟಿನ್ ಪದದ ಅರ್ಥವೇ 'ತುದಿ ಕಚ್ಚಿದ್ದು' ಅಂತ. ಉಪ್ಪಿನಿಂದ ಸುಟ್ಟಿದ್ದರೆ ತುದಿ ಕಂದು ಬಣ್ಣಕ್ಕೆ ತಿರುಗಿ ಒಣಗುತ್ತದೆ. ಹುಳು ತಿಂದಿದ್ದರೆ ಗಾಯದ ಅಂಚು ಇರುತ್ತದೆ, ಒಂದೊಂದು ಎಲೆಯಲ್ಲಿ ಒಂದೊಂದು ಥರ. ನಿಮ್ಮದು ಅಂಚು ಪೂರ್ತಿ ಹಸಿರಾ? ಎಲ್ಲಾ ಹೊಸ ಎಲೆಯಲ್ಲೂ ಹೀಗೇನಾ?

ಆಗಷ್ಟೇ ಅರ್ಧ ಇಂಚು ಹೊರಗೆ ಬಂದಿರುವ ಎಲೆ ನೋಡಿ, ತುದಿಯಲ್ಲಿ ಆಗಲೇ ಹಲ್ಲು ಇದೆಯಾ ಅಂತ. ತುದಿಯೇ ಮೊದಲು ಹೊರಗೆ ಬರುವುದು, ಎಲೆ ಬೆಳೆಯುವುದು ಬುಡದಿಂದ. ಬುಡದ ಹತ್ರ ಮಾರ್ಕರ್‌ನಿಂದ ಒಂದು ಗೆರೆ ಎಳೆದು ಎರಡು ವಾರ ಕಾಯಿರಿ, ಗೆರೆ ಮೇಲೆ ಸರಿಯುವುದು ನಿಮಗೇ ಕಾಣುತ್ತದೆ. ಫಂಗಿಸೈಡ್ ನಿಲ್ಲಿಸಿ, ಪಾಪ.

ಶಿರಾ_ಬುಟ್ಟಿ:
ಇರಬಹುದು. ಆದರೂ ಟಿಡಿಎಸ್ ನೋಡಿದರೆ ತಪ್ಪಿಲ್ಲ.

ಮಾಲೂರು_ಹೊಸಬ:
ನನ್ನ ವಾಂಡಾ ಎಲೆ ಪೆನ್ಸಿಲ್ ಹಾಗೆ ದುಂಡಗಿದೆ. ಮುಂದೆ ಪಟ್ಟಿ ಆಗುತ್ತದಾ?

ತುಮಕೂರು_ಹಿತ್ತಲು:
ಇಲ್ಲಮ್ಮ, ಅದು ಪೆನ್ಸಿಲ್ ಎಲೆಯ ಜಾತಿ. ದುಂಡಗೇ ಉಳಿಯುತ್ತದೆ. ಸಿಂಗಾಪುರದವರ ರಾಷ್ಟ್ರಪುಷ್ಪ ಅದೇ ಥರದ್ದು. ಅದಕ್ಕೆ ಬಿಸಿಲು ಇನ್ನೂ ಜಾಸ್ತಿ ಬೇಕು.

ಕೋಲಾರ_ಟೆರೇಸ್:
ಹನ್ನೆರಡು ದಿನ ಆಯ್ತು. ಗೆರೆ ಬುಡದಿಂದ ಒಂದು ಅಕ್ಕಿಕಾಳಿನಷ್ಟು ಮೇಲೆ ಬಂದಿದೆ. ನಡುವಿನ ಸಣ್ಣ ಎಲೆಯನ್ನು ಭೂತಗನ್ನಡಿ ಹಿಡಿದು ನೋಡಿದೆ: ಉಗುರಿನಷ್ಟೂ ಇಲ್ಲ, ಆಗಲೇ ತುದಿಯಲ್ಲಿ ಹಲ್ಲು ಮೂಡಿದೆ, ಅಂಚೆಲ್ಲ ಹಸಿರು. ತುಂಬಾ ಥ್ಯಾಂಕ್ಸ್ ಸರ್. ಈಗ ನನ್ನ ಹತ್ರ ಇರುವ ನೆಟ್ 75. ಬದಲಾಯಿಸಲಾ?

ಚಿಂತಾಮಣಿ_ನೆರಳು:
ಬೇಡ.

ಶಿರಾ_ಬುಟ್ಟಿ:
ಬದಲಾಯಿಸಿ.