ಲಾಕ್, ಹೋಲ್ಡೋವರ್: ಟೈಮ್ ಸರ್ವರ್ ದೀಪಗಳಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೆ,

ಸಾಗರದ ಕಡೆ ಒಂದು ಕಚೇರಿಗೆ ಕನ್ನಡದಲ್ಲಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಟೈಮ್ ಸರ್ವರ್ ಇರುವ ರ‍್ಯಾಕಿನ ಬಾಗಿಲಿಗೆ ಅಂಟಿಸಲು. ಚಾವಣಿ ಮೇಲಿನ ಆ್ಯಂಟೆನಾದಿಂದ ಜಿಪಿಎಸ್ ಸಮಯ ತಗೊಂಡು, ಎಲ್ಲ ಕಂಪ್ಯೂಟರುಗಳಿಗೂ ಎನ್‌ಟಿಪಿ (ನೆಟ್‌ವರ್ಕಿನಲ್ಲಿ ಸಮಯ ಕಳಿಸುವ ಪದ್ಧತಿ) ಮೂಲಕ ಹಂಚುವ ಪೆಟ್ಟಿಗೆ ಅದು. ರಾತ್ರಿ ಪಾಳಿಯವರು ದೀಪ ನೋಡಿ ಫೋನ್ ಮಾಡಬೇಕು. ಅವರು ಓದಿದ ಕೂಡಲೇ ಅರ್ಥವಾಗುವ ಮಾತು ಬೇಕು.

ಕನೆಕ್ಟರುಗಳದು ಅಷ್ಟು ತಲೆನೋವಿಲ್ಲ. ಬಿಎನ್‌ಸಿ, ಎಸ್‌ಎಂಎ, ಆರ್‌ಜೆ45 ಹೆಸರುಗಳು ಹಾಗೇ ಇರಲಿ. ಮಾಡುವ ಕೆಲಸ ಕನ್ನಡದಲ್ಲಿದ್ದರೆ ಸಾಕು. ಬಿಎನ್‌ಸಿಗೆ 'ಒತ್ತಿ, ಕಾಲು ಸುತ್ತು ತಿರುಗಿಸಿ'. ಎಸ್‌ಎಂಎಗೆ 'ತಿರುಪಿ ಬಿಗಿ ಮಾಡಿ'. ತೊಂದರೆ ಏನೆಂದರೆ ಹಿಂದುಗಡೆ ಸಾಲಾಗಿ ಒಂದೇ ಥರದ ಬಿಎನ್‌ಸಿಗಳಿವೆ. ಒಂದು ಆ್ಯಂಟೆನಾದ್ದು, ಒಂದು ಬೇರೆ ಉಪಕರಣಗಳಿಗೆ ತಾಳ ಕೊಡುವ 10 ಮೆಗಾಹರ್ಟ್ಸ್‌ನದು, ಇನ್ನೊಂದು 1ಪಿಪಿಎಸ್ (ಸೆಕೆಂಡಿಗೊಂದು ಪಲ್ಸ್). ಆ್ಯಂಟೆನಾದ್ದರಲ್ಲಿ 5 ವೋಲ್ಟ್ ಡಿಸಿಯೂ ಮೇಲಕ್ಕೆ ಹೋಗುತ್ತದೆ, ಕಂಡ ಕೇಬಲ್ ಸಿಕ್ಕಿಸುವಂತಿಲ್ಲ. ಅದಕ್ಕೇ 'ಆ್ಯಂಟೆನಾ ಮಾತ್ರ', 'ಸೆಕೆಂಡಿಗೊಂದು ಮಿಡಿತ, ಹೊರಕ್ಕೆ' ಅಂತ ಬರೆದಿದ್ದೇನೆ. 'ಮಿಡಿತ' ಯಾರಿಗೂ ತೊಡಕಾಗದು ಅನ್ಕೊಂಡಿದ್ದೇನೆ.

ಜಗಳ ಇರೋದು ಮುಂದಿನ ದೀಪಗಳ ಜೊತೆ. 'ಲಾಕ್ ಆಗಿದೆ' ಅಂದರೆ ನಮ್ಮ ಜನಕ್ಕೆ ಕೆಟ್ಟ ಸುದ್ದಿ. ಫೋನ್ ಲಾಕ್ ಆಗುತ್ತೆ, ಸ್ಟೇರಿಂಗ್ ಲಾಕ್ ಆಗುತ್ತೆ. ಇಲ್ಲಿ ಮಾತ್ರ ಹಸಿರು ದೀಪ, ಪೆಟ್ಟಿಗೆ ಉಪಗ್ರಹದ ಸಮಯಕ್ಕೆ ಹೊಂದಿಕೊಂಡಿದೆ ಅನ್ನೋ ಒಳ್ಳೆ ಸುದ್ದಿ! ಮಲೆನಾಡಲ್ಲಿ 'ಆ ದಿಬ್ಬ ಹತ್ತಿದರೆ ಟವರ್ ಹಿಡಿಯುತ್ತೆ' ಅಂತೀವಲ್ವಾ, ಹಾಗೆ 'ಸಮಯ ಹಿಡಿದಿದೆ' ಅಂದರೆ ಹೇಗೆ? ಬರೀ 'ಉಪಗ್ರಹ ಸಿಕ್ಕಿದೆ' ಅಂದರೆ ಸಾಲದು. ಉಪಗ್ರಹ ಸಿಕ್ಕ ಮೇಲೂ ಒಳಗಡಿಯಾರ ನಡೆಸುವ ಕ್ರಿಸ್ಟಲ್ ಬಿಸಿಯಾಗಿ ಅದರ ಹೆಜ್ಜೆಗೆ ಹೆಜ್ಜೆ ಹಾಕಲು ಸ್ವಲ್ಪ ಹೊತ್ತು ಬೇಕು. 'ಅಲಾರಂ' ಕೂಡ ಬೇಡ. ಹೊಡೆದುಕೊಳ್ಳುತ್ತೆ ಅಂತ ಕಾಯ್ತಾರೆ, ಅದು ಸುಮ್ನೆ ಕೆಂಪಗೆ ಉರಿಯುತ್ತಿರುತ್ತದೆ. 'ದೋಷ' ಸಾಕು. 'ಬ್ಲಿಂಕ್'ಗೆ 'ಮಿಣುಕು' ಅನ್ನಲಾರೆ, ವೋಲ್ಟೇಜ್ ಇಲ್ಲದ ಬಲ್ಬು ಕಣ್ಮುಂದೆ ಬರುತ್ತೆ. 'ಬ್ಲಿಂಕ್' ಅಂತಲೇ ಇಟ್ಟೆ.

ಸಿಕ್ಕಿಹಾಕಿಕೊಂಡದ್ದು 'ಹೋಲ್ಡೋವರ್' ಹತ್ತಿರ. ಉಪಗ್ರಹದ ಸಂಕೇತ ತಪ್ಪಿದಾಗ ಪೆಟ್ಟಿಗೆ ನಿಲ್ಲುವುದಿಲ್ಲ, ಒಳಗಿನ ಕ್ರಿಸ್ಟಲ್ ನಂಬಿ ಸಮಯ ಹೇಳುತ್ತಲೇ ಇರುತ್ತದೆ. ಕರೆಂಟ್ ಹೋದಾಗ ಯುಪಿಎಸ್ ಮೇಲೆ ಓಡಿದ ಹಾಗೆ. ಆದರೆ ಯುಪಿಎಸ್ ಖಾಲಿಯಾಗಿ ನಿಂತುಬಿಡುತ್ತೆ. ಇದು ನಿಲ್ಲದೆ ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ ಮೆಲ್ಲಗೆ ಹಿಂದೋ ಮುಂದೋ ಸರಿಯುತ್ತದೆ. ಫೈಲಿಗೆ ಸಮಯ ಹಾಕುವ ಕಚೇರಿಗೆ ಅದು ಲೆಕ್ಕಕ್ಕಿಲ್ಲ. 1.5 ಮೈಕ್ರೋಸೆಕೆಂಡಿನೊಳಗೆ ಇರಲೇಬೇಕಾದ 5ಜಿ ಟವರಿಗೆ ಜೀವ ಹೋದಂತೆ.

ಈ ದೀಪ ಹತ್ತಿದರೆ ಇಲ್ಲಿ ಎಲ್ಲರೂ ಮಳೆಗೆ ಬೈಯುತ್ತಾರೆ. ಪಾಪ, ಮಳೆಯದು ತಪ್ಪೇನಿಲ್ಲ. ಜಿಪಿಎಸ್‌ನ 1575.42 ಮೆಗಾಹರ್ಟ್ಸ್‌ನ ಸಂಕೇತವನ್ನು ಮಳೆ ಹನಿ ಅಷ್ಟೇನೂ ತಡೆಯುವುದಿಲ್ಲ. ಆ್ಯಂಟೆನಾ ಮೇಲೆ ಬಾಗಿದ ಹಲಸಿನ ಕೊಂಬೆಯ ಒದ್ದೆ ಎಲೆ ತಡೆಯುತ್ತೆ. ಟೇಪು ಸರಿಯಾಗಿ ಸುತ್ತದ ಕನೆಕ್ಟರಿನೊಳಗೆ ಇಳಿದ ನೀರು ಇನ್ನೂ ಜಾಸ್ತಿ ಕೆಡಿಸುತ್ತೆ. ಹಾಗಾಗಿ ಓದಿದವನು ಚಾವಣಿ ಹತ್ತಿ ನೋಡುವಂಥ ಮಾತು ಬೇಕು. 'ಹೊರಗಿನ ಸಮಯ ಸಿಗುತ್ತಿಲ್ಲ, ಒಳಗಡಿಯಾರದ ಮೇಲೆ ಓಡುತ್ತಿದೆ' ಅಂತ ಬರೆದೆ. ಉದ್ದವಾದರೂ ಪರವಾಗಿಲ್ಲ ಅನ್ನಿಸಿತು.

ಆದರೆ ಅದೇ ಪೆಟ್ಟಿಗೆಯಲ್ಲಿ 'ಫ್ರೀ ರನ್' ಅನ್ನೋ ಸ್ಥಿತಿಯೂ ಇದೆ. ಆನ್ ಮಾಡಿದಾಗಿನಿಂದ ಒಮ್ಮೆಯೂ ಉಪಗ್ರಹ ಸಿಗದಿದ್ದರೆ ಅದು. ಅದೂ ಒಳಗಡಿಯಾರದ ಮೇಲೆಯೇ ಓಡೋದು, ಆದರೆ ಆ ಸಮಯವನ್ನು ನಂಬುವಂತಿಲ್ಲ. ಅದಕ್ಕೆ 'ತನ್ನ ಪಾಡಿಗೆ ಓಡುತ್ತಿದೆ', ಮೊದಲು ಉಪಗ್ರಹದಿಂದ ಸಿಕ್ಕಿದ್ದ ಸಮಯದ ಆಧಾರದಲ್ಲಿ ಓಡುವ ಹೋಲ್ಡೋವರಿಗೆ 'ನೆನಪಿನ ಮೇಲೆ ಓಡುತ್ತಿದೆ' ಅಂತ ಬೇರೆ ಮಾಡಬಹುದಾ? 'ನೆನಪು' ಅಂದರೆ ಮೆಮೊರಿ ಕಾರ್ಡು ಅಂತ ತಿಳಿದಾರೆ ಅನ್ನೋ ಅಳುಕಿದೆ. ಟೆಲಿಕಾಂ, ಸಬ್‌ಸ್ಟೇಷನ್ ಕೆಲಸದಲ್ಲಿರುವವರು ತಮ್ಮತಮ್ಮಲ್ಲಿ ಇದಕ್ಕೆ ಏನಂತೀರಿ, ದಯವಿಟ್ಟು ತಿಳಿಸಿ.