ಅಜ್ಜಿ ಹೇಳಿದ್ದು ಪುತ್ತರಿ, ಡಬ್ಬಿಂಗ್‌ಗೆ ಬರೆದದ್ದು ಹುತ್ತರಿ. ತುಟಿ ಹೊಂದಿಸುವುದು ಹೇಗೆ?

ತೋಟದಮನೆ:
ನಮಸ್ಕಾರ. ನಾವು ಐದು ಜನ ಗೆಳೆಯರು ಮಡಿಕೇರಿ ಹತ್ತಿರದ ಕಾಫಿ ತೋಟದಲ್ಲಿ 20 ನಿಮಿಷದ ಕಿರುಚಿತ್ರ ಮಾಡಿದ್ದೇವೆ. ಶೂಟಿಂಗ್ ಜುಲೈಯಲ್ಲಿ. ಶೀಟಿನ ಮೇಲೆ ಬಡಿದ ಮಳೆಯಲ್ಲಿ ಮಾತೆಲ್ಲ ಮುಳುಗಿಹೋಗಿದೆ. ಪೂರ್ತಿ ಡಬ್ ಮಾಡಲೇಬೇಕು.

ಕಷ್ಟ ಏನೆಂದರೆ, ಅಜ್ಜಿ ಪಾತ್ರದವರು ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಮಾತಾಡಿದ್ದಾರೆ, ಮೊಮ್ಮಗ ಇಲ್ಲಿನ ಗೌಡರಾಡುವ ಅರೆಭಾಷೆಯಲ್ಲಿ, ತೋಟದ ಲೆಕ್ಕ ಬರೆಯುವ ರೈಟರ್ ಮಲಯಾಳದಲ್ಲಿ. ಅವರವರಿಗೆ ಸಲೀಸಾದ ಭಾಷೆಯಲ್ಲೇ ಹೇಳಲಿ ಅಂತ ಬಿಟ್ಟವನು ನಾನೇ. ಚಿತ್ರ ಮಾತ್ರ ಕನ್ನಡದಲ್ಲಿ ಬರಬೇಕು. ಹಳೇ ಇಟಾಲಿಯನ್ ಕೌಬಾಯ್ ಚಿತ್ರಗಳಲ್ಲೂ ಹೀಗೇ ಮಾಡುತ್ತಿದ್ದರಂತೆ, ನಿಜವಾ?

ವಿರಾಜಪೇಟೆಯವ:
ನಿಜ. ಬೆಂಗಳೂರಿನ ಡಬ್ಬಿಂಗ್ ಥಿಯೇಟರಿನಲ್ಲಿ ಒಂಬತ್ತು ವರ್ಷ ಇದ್ದೆ. ಆ ಚಿತ್ರಗಳೆಂದರೆ ನನಗೆ ಪ್ರಾಣ.

ಸೆರ್ಜಿಯೋ ಲಿಯೋನೆ ನಿರ್ದೇಶಿಸಿದ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ (1966) ನೋಡಿ. ಮುಖ್ಯ ಮೂವರು (ಕ್ಲಿಂಟ್ ಈಸ್ಟ್‌ವುಡ್, ಈಲೈ ವಾಲಕ್, ಲೀ ವ್ಯಾನ್ ಕ್ಲೀಫ್) ಇಂಗ್ಲಿಷಿನಲ್ಲಿ ಮಾತಾಡಿದರು, ಉಳಿದವರಲ್ಲಿ ಬಹಳ ಜನ ಇಟಾಲಿಯನ್ನಲ್ಲಿ. ಸೆಟ್ಟಿನ ಸದ್ದನ್ನು ನಂಬುವ ಪದ್ಧತಿಯೇ ಇರಲಿಲ್ಲ, ಎಲ್ಲವೂ ಆಮೇಲೆ. ಇಟಲಿಯ ಜನ ಕೇಳಿದ ಕ್ಲಿಂಟ್ ಈಸ್ಟ್‌ವುಡ್ ದನಿ ಎನ್ರಿಕೋ ಮರಿಯಾ ಸಲೆರ್ನೋ ಎಂಬ ನಟನದು. ಪರಭಾಷೆಯ ಮಾತಿರುವ ಚಿತ್ರಗಳಿಗೆ ಅಲ್ಲಿನ ಸರ್ಕಾರ 1930ರಲ್ಲೇ ತಡೆ ಹಾಕಿತ್ತು. ಹಾಗಾಗಿ ಡಬ್ಬಿಂಗ್ ಅಲ್ಲಿ ದೊಡ್ಡ ಕಸುಬಾಗಿ ಬೆಳೆಯಿತು. ಅದನ್ನು ಕೊರತೆ ಅಂತ ನಾನು ಒಪ್ಪುವುದಿಲ್ಲ. ಬೇರೆ ಬೇರೆ ಊರಿನ ಮುಖಗಳು ಒಂದೇ ಫ್ರೇಮಿನಲ್ಲಿ ಸೇರಿದ್ದು ಅದರಿಂದಲೇ ಅಲ್ವಾ?

ಈಗ ನಿಮ್ಮ ಕೆಲಸ. ಎಲ್ಲ ಅಕ್ಷರದ ಹಿಂದೆ ಓಡಬೇಡಿ. ಪ, ಬ, ಮ ಬಂದಾಗ ತುಟಿ ಮುಚ್ಚುತ್ತದೆ, ನೋಡುವವರ ಕಣ್ಣಿಗೆ ಹೆಚ್ಚಾಗಿ ಬೀಳುವುದು ಅದೇ. ಮೊದಲು ಅವನ್ನು ಗುರುತು ಮಾಡಿಕೊಂಡು ಮಾತು ಬರೆಯಿರಿ. ಬೆನ್ನು ಕಾಣುವ ಶಾಟ್‌ಗಳನ್ನು ಜಾಸ್ತಿ ಬಳಸಿ, ಅಲ್ಲಿ ಏನು ಬೇಕಾದರೂ ಹೇಳಿಸಬಹುದು.

ತೋಟದಮನೆ:
ಸಿಕ್ಕಿಬಿದ್ದಿರುವುದು ಅಲ್ಲೇ! ಅಜ್ಜಿಯ ಕ್ಲೋಸಪ್. ಕೊಡಗಿನ ಸುಗ್ಗಿ ಹಬ್ಬದ ಹೆಸರು ‘ಪುತ್ತರಿ’ ಅಂತ ಶುರು ಮಾಡುತ್ತಾರೆ, ತುಟಿ ಗಟ್ಟಿಯಾಗಿ ಮುಚ್ಚಿ ತೆರೆಯುತ್ತದೆ. ನಾನು ಕನ್ನಡದಲ್ಲಿ ‘ಹುತ್ತರಿ’ ಬರೆದಿದ್ದೇನೆ. ಎಷ್ಟು ಸಲ ಜರುಗಿಸಿದರೂ ಕೂರುತ್ತಿಲ್ಲ.

ವಿರಾಜಪೇಟೆಯವ:
ಆ ಪದ ಮುಟ್ಟಬೇಡಿ. ಪುತ್ತರಿ ಅಂತಲೇ ಇರಲಿ. ಕೊಡವ ಅಜ್ಜಿ ಕನ್ನಡ ಮಾತಾಡಿದರೂ ಆ ಹಬ್ಬವನ್ನು ಪುತ್ತರಿ ಅಂತಲೇ ಕರೆಯುತ್ತಾರೆ.

ಕದಿರು:
ಒಂದು ಮಾತು ಸೇರಿಸುತ್ತೇನೆ. ಅಜ್ಜಿಯ ದನಿ ಅವರದೇ ಇರಲಿ, ಪಟ್ಟಣದ ಹುಡುಗಿಯಿಂದ ಮುದಿ ದನಿ ಮಾಡಿಸಬೇಡಿ. ತಡವನ್ನೂ ಮಾಡಬೇಡಿ. ಮೇಲೆ ಹೇಳಿದ ಚಿತ್ರಕ್ಕೆ 2003ರಲ್ಲಿ ಬಿಟ್ಟುಹೋದ ದೃಶ್ಯಗಳನ್ನು ಇಂಗ್ಲಿಷಿನಲ್ಲಿ ಸೇರಿಸಿದರು. ಈಸ್ಟ್‌ವುಡ್, ಈಲೈ ವಾಲಕ್ ಇಬ್ಬರೂ ಬಂದು ತಮ್ಮ ಮಾತು ಹೇಳಿದರು. ಮುಖ ಹರೆಯದ್ದು, ದನಿ ವಯಸ್ಸಾದದ್ದು. ಲೀ ವ್ಯಾನ್ ಕ್ಲೀಫ್ 1989ರಲ್ಲೇ ತೀರಿಕೊಂಡಿದ್ದರು, ಅವರ ಪಾಲಿಗೆ ಬೇರೆಯವರ ದನಿ.

ತೋಟದಮನೆ:
ಇದನ್ನು ಓದಿ ಭಾನುವಾರವೇ ಅಜ್ಜಿಯ ಮನೆಗೆ ಹೋದೆವು. ಕಾಫಿ ಮೂಟೆ ಇಡುವ ಕೋಣೆಯಲ್ಲಿ ಕೂರಿಸಿದೆವು. ತುಂಬಿದ ಮೂಟೆಗಳ ನಡುವೆ ಸದ್ದು ಚೂರೂ ಮಾರ್ದನಿಸಲಿಲ್ಲ. ಲ್ಯಾಪ್‌ಟಾಪಿನಲ್ಲಿ ತಮ್ಮದೇ ಮುಖ ನೋಡುತ್ತಾ ಕನ್ನಡದಲ್ಲಿ ಹೇಳಿದರು. ಮೂರನೇ ಸಲಕ್ಕೆ ಪುತ್ತರಿಯ ಪ ತುಟಿಯ ಮೇಲೆ ಸರಿಯಾಗಿ ಕೂತಿತು. ರೈಟರ್ ಪಾತ್ರದವರನ್ನು ಬರುವ ವಾರ ಕರೆಸುತ್ತಿದ್ದೇನೆ.